ರಜಾದಿನಗಳಲ್ಲಿ ಎಳೆಯರ ಕೈಗೆಲಸ

ಪ್ರತಿವರ್ಷವೂ ನಮ್ಮ ಸಂಘದ ಸ್ಮರಣ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ರಕ್ತದೊತ್ತಡ, ಮಧುಮೇಹ, ಕೀಲುನೋವು ಮೊದಲಾದ ವಿಷಯಗಳನ್ನು ಕುರಿತು ತಜ್ಞ ವೈದ್ಯರು ಬರೆದ ಲೇಖನಗಳು ಪ್ರಕಟವಾಗುತ್ತ ಬಂದಿವೆ. ಈ ಸಲ ಚಿಕ್ಕ ಮಕ್ಕಳ ವಿಷಯವಾಗಿ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಹಿಂಜರಿದೆ. ನಾನು ವೈದ್ಯನಲ್ಲ, ಶಿಕ್ಷಣತಜ್ಞನೂ ಅಲ್ಲ. ವಾಣಿಜ್ಯಶಾಸ್ತ್ರದಲ್ಲಿ ಪದವಿ ಪಡೆದು, ಬ್ಯಾಂಕೊಂದರಲ್ಲಿ ಅಧಿಕಾರಿಯಾಗಿದ್ದುಕೊಂಡು, ಬಾಂದ್ರಾ ಪೂರ್ವದ ಚಿಕ್ಕ ಮನೆಯೊಂದರಲ್ಲಿ ಹೆಂಡತಿ ಹಾಗೂ ಇಬ್ಬರು ಮಕ್ಕಳೊಡನೆ ಸಂಸಾರ ಹೂಡಿರುವ ಸಾಮಾನ್ಯ ಗೃಹಸ್ಥ. ಆದರೂ ಮಕ್ಕಳ ರಜಾದಿನಗಳ ವಿಷಯದಲ್ಲಿ ನಾನು ಮಾಡಿದ ತಪ್ಪುಗಳೂ ಆಮೇಲೆ ಕಲಿತ ಒಂದೆರಡು ಸಂಗತಿಗಳೂ ನನ್ನಂಥ ಇತರ ತಂದೆತಾಯಿಗಳಿಗೆ ಉಪಯೋಗಕ್ಕೆ ಬಂದಾವು ಎಂಬ ಧೈರ್ಯದಿಂದ ಈ ಬರಹವನ್ನು ವಾಚಕರ ಮುಂದಿಡುತ್ತಿದ್ದೇನೆ.

ಮುಂಬಯಿಯ ಶಾಲೆಗಳಿಗೆ ದೀಪಾವಳಿಯಲ್ಲಿ ಎರಡು ಮೂರು ವಾರ, ಕ್ರಿಸ್ಮಸಿನಲ್ಲಿ ಒಂದು ವಾರ ಹತ್ತು ದಿನ, ಬೇಸಿಗೆಯಲ್ಲಿ ಒಂದೂವರೆ ತಿಂಗಳು ರಜೆ. ನಮಗಾದರೋ ಹಬ್ಬದ ದಿನವೊಂದೇ ರಜೆ. 2015ರ ಸೆಪ್ಟೆಂಬರಿನಿಂದ ಬ್ಯಾಂಕುಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರಗಳು ಬಿಡುವಾದದ್ದು ನನ್ನ ಪಾಲಿಗೆ ದೊಡ್ಡ ಉಪಕಾರ. ಈ ಲೇಖನದಲ್ಲಿ ಬರುವ ಕೆಲಸಗಳಲ್ಲಿ ಬಹುಪಾಲು ಆ ಶನಿವಾರಗಳಲ್ಲೇ ನಡೆದವು. ನಾವು ಹುಡುಗರಾಗಿದ್ದಾಗ ಊರಿನ ಮನೆಯಲ್ಲಿ ರಜೆಯೆಂದರೆ ಯಾರೂ ಏನನ್ನೂ ಏರ್ಪಡಿಸಬೇಕಾಗಿರಲಿಲ್ಲ. ಅಂಗಳವಿತ್ತು, ತೋಟವಿತ್ತು, ಅಡಕೆಯ ಹಾಳೆಯ ಮೇಲೆ ಒಬ್ಬನನ್ನು ಕೂರಿಸಿ ಇನ್ನೊಬ್ಬ ಎಳೆದುಕೊಂಡು ಹೋದರೆ ಅರ್ಧ ದಿನ ಕಳೆಯುತ್ತಿತ್ತು. ಇಲ್ಲಿ ಮೂರನೆಯ ಮಹಡಿಯ ಎರಡು ಕೋಣೆಗಳಲ್ಲಿ ಕೂತ ಮಗುವಿಗೆ ಕೈಗೆ ಸಿಗುವ ವಸ್ತು ಒಂದೇ: ಮೊಬೈಲ್ ಫೋನು. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆಯ ಮುಂದೆ ಕುಳಿತು ಕಳೆಯುವ ಕಾಲ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಒಂದು ವರ್ಷದೊಳಗಿನ ಶಿಶುವಿಗೆ ಪರದೆಯೇ ಸಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರಡಿಸಿದ ಮಾರ್ಗಸೂಚಿ ಹೇಳುತ್ತದೆ. ಓದಿದಾಗ ಎಲ್ಲರೂ ತಲೆಯಾಡಿಸುತ್ತೇವೆ. ಆದರೆ ಫೋನನ್ನು ಕಸಿದುಕೊಂಡ ಕೈಗೆ ಬದಲಾಗಿ ಏನನ್ನು ಕೊಡಬೇಕೆಂಬುದೇ ನಿಜವಾದ ಪ್ರಶ್ನೆ.

ಅಪ್ಪ ಕಟ್ಟಿದ ಕೋಟೆ

2022ರ ದೀಪಾವಳಿ ರಜೆಗೆ ಮಗನ ಶಾಲೆಯಿಂದ ಒಂದು ಚೀಟಿ ಬಂತು. ಶಾಲೆಯ ಹೆಸರು ಇಲ್ಲಿ ಬೇಡ. ಈ ವಿಷಯದಲ್ಲಿ ಎಲ್ಲ ಶಾಲೆಗಳೂ ಹೆಚ್ಚುಕಡಿಮೆ ಒಂದೇ. ಮಕ್ಕಳು ಕೋಟೆಯ ಮಾದರಿಯೊಂದನ್ನು ಮಾಡಿಕೊಂಡು ಬರಬೇಕು ಎಂದು ಅದರಲ್ಲಿತ್ತು. ಮಹಾರಾಷ್ಟ್ರದಲ್ಲಿ ದೀಪಾವಳಿಯ ಸಮಯಕ್ಕೆ ಮಕ್ಕಳು ವಠಾರದ ಮೂಲೆಯಲ್ಲಿ ಕಲ್ಲು ಇಟ್ಟಿಗೆಗಳನ್ನು ಪೇರಿಸಿ, ಗೋಣಿಯನ್ನು ಕೆಸರಿನಲ್ಲಿ ಅದ್ದಿ ಹೊದಿಸಿ, ಸಾಸಿವೆ ಬಿತ್ತಿ ಹಸಿರು ಬರಿಸಿ, ತುದಿಯಲ್ಲಿ ಶಿವಾಜಿ ಮಹಾರಾಜರ ಮಣ್ಣಿನ ಮೂರ್ತಿಯನ್ನೂ ಮೆಟ್ಟಿಲುಗಳಲ್ಲಿ ಮಾವಳೆ ಸೈನಿಕರನ್ನೂ ನಿಲ್ಲಿಸಿ ‘ಕಿಲ್ಲಾ’ ಕಟ್ಟುವ ಸುಂದರವಾದ ಪದ್ಧತಿಯುಂಟು. ಇಲ್ಲಿ ಬೆಳೆದ ಕನ್ನಡಿಗರ ಮಕ್ಕಳೂ ನೆರೆಹೊರೆಯವರೊಡನೆ ಸೇರಿ ಅದನ್ನು ಕಟ್ಟುತ್ತ ಬಂದಿದ್ದಾರೆ. ಶಾಲೆಯವರ ಉದ್ದೇಶವೂ ಅದೇ ಇದ್ದಿರಬೇಕು.

ನಾನು ಮಾಡಿದ್ದೇನು? ಥರ್ಮಕೋಲು, ಅಂಟು, ಮೂರು ಬಣ್ಣದ ಡಬ್ಬಿ ತಂದು, ರಜೆ ಮುಗಿಯುವ ಹಿಂದಿನ ರಾತ್ರಿ ಒಂದು ಗಂಟೆಯ ತನಕ ಕುಳಿತು, ಬುರುಜು, ದಿಡ್ಡಿಬಾಗಿಲು, ಧ್ವಜಸ್ತಂಭ ಸಹಿತವಾದ ಕೋಟೆಯನ್ನು ಕಟ್ಟಿದೆ. ಐದು ವರ್ಷದ ಮಗ ಒಂಬತ್ತಕ್ಕೇ ನಿದ್ದೆ ಹೋಗಿದ್ದ. ಆರಂಭದಲ್ಲಿ ಅವನೂ ಕತ್ತರಿ ಹಿಡಿದಿದ್ದನು. ಗೋಡೆಯನ್ನು ಸೊಟ್ಟಗೆ ಕತ್ತರಿಸಿದನೆಂದು ನಾನೇ ಅದನ್ನು ಕಿತ್ತುಕೊಂಡೆ. ಮರುದಿನ ಕೋಟೆಗೆ ಬಹುಮಾನವಾಗಿ ಒಂದು ಬಂಗಾರಬಣ್ಣದ ನಕ್ಷತ್ರದ ಚೀಟಿ ಸಿಕ್ಕಿತು. ಅದನ್ನು ಮನೆಗೆ ತಂದ ಮಗ ನನ್ನ ಅಂಗಿಯ ಜೇಬಿನ ಮೇಲೆ ಅಂಟಿಸಿ, “ಇದು ಅಪ್ಪನದು” ಎಂದು ಹೇಳಿ ಆಟಕ್ಕೆ ಹೋದನು. ಅವನ ಮಾತಿನಲ್ಲಿ ಮುನಿಸಾಗಲಿ ವ್ಯಂಗ್ಯವಾಗಲಿ ಇರಲಿಲ್ಲ. ಲೆಕ್ಕವನ್ನು ಸರಿಯಾದ ಖಾತೆಗೆ ಬರೆದಿದ್ದ, ಅಷ್ಟೇ. ಇಪ್ಪತ್ತು ವರ್ಷ ಲೆಡ್ಜರುಗಳ ನಡುವೆ ಬದುಕಿದ ನನಗೆ ಅಂಥ ತಿದ್ದುಪಡಿಯನ್ನು ಯಾವ ಲೆಕ್ಕಪರಿಶೋಧಕನೂ ಮಾಡಿರಲಿಲ್ಲ.

ಅಂದಿನಿಂದ ನಾನು ಒಂದು ನಿಯಮವನ್ನು ಹಾಕಿಕೊಂಡೆ. ಮಗುವಿನ ಕೆಲಸ ಸೊಟ್ಟಗಿದ್ದರೆ ಸೊಟ್ಟಗೇ ಇರತಕ್ಕದ್ದು. ಹಿರಿಯರು ಬಿಸಿ, ಹರಿತ ಮತ್ತು ವಿದ್ಯುತ್ತಿನ ಕೆಲಸಗಳಿಗೆ ಮಾತ್ರ ಕೈಹಾಕತಕ್ಕದ್ದು.

ಈ ಮಾತನ್ನು ನನಗಿಂತ ಬಹಳ ಮೊದಲೇ, ನನಗಿಂತ ಬಹಳ ಚೆನ್ನಾಗಿ ಬಲ್ಲವರು ನಮ್ಮ ಸಮೀಪದಲ್ಲೇ ಆಗಿಹೋಗಿದ್ದಾರೆ. ಬಾಂದ್ರಾದಿಂದ ಪಶ್ಚಿಮ ರೈಲ್ವೆಯ ಮಾರ್ಗವಾಗಿ ಉತ್ತರಕ್ಕೆ ಹೋದರೆ ಗುಜರಾತಿನ ಗಡಿಯ ಹತ್ತಿರ ಘೋಲವಡ್ ಎಂಬ ಸ್ಟೇಷನ್ ಇದೆ. ಅದರ ಪಕ್ಕದ ಬೋರ್ಡಿ ಗ್ರಾಮದಲ್ಲಿ 1945ರಲ್ಲಿ ತಾರಾಬಾಯಿ ಮೋಡಕ್ ಅವರು ಬಡ ಮಕ್ಕಳಿಗಾಗಿ ಬಾಲವಾಡಿಯನ್ನು ಆರಂಭಿಸಿದರು. ಮುಂದೆ ಅನುತಾಯಿ ವಾಘ್ ಅವರೊಡನೆ ಆದಿವಾಸಿ ಪ್ರದೇಶವಾದ ಕೋಸಬಾಡದಲ್ಲಿ ಆ ಕೆಲಸವನ್ನು ಬೆಳೆಸಿದರು. ಮಾಂಟೆಸೊರಿ ಪದ್ಧತಿಯ ಬೆಲೆಬಾಳುವ ಉಪಕರಣಗಳ ಸ್ಥಾನದಲ್ಲಿ ಚಿಪ್ಪು, ಬೀಜ, ಎಲೆ, ಕಡ್ಡಿ, ಮಣ್ಣು ಇವನ್ನೇ ಮಕ್ಕಳ ಕೈಗೆ ಕೊಟ್ಟರು. ತಾರಾಬಾಯಿಯವರಿಗೆ 1962ರಲ್ಲಿ ಪದ್ಮಭೂಷಣ ಪ್ರಶಸ್ತಿ ಬಂತು. ನಮ್ಮ ನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ನಡೆಸಿದ ಪ್ರಯೋಗಗಳನ್ನು ಇಲ್ಲಿಯ ಅನೇಕ ಹಿರಿಯರು ಕೇಳಿ ಬಲ್ಲರು.

ಹಿಟ್ಟಿನ ಕೈ

2023ರ ಜೂನ್ ತಿಂಗಳಲ್ಲಿ ಕುಂದಾಪುರದ ಹತ್ತಿರ ನಮ್ಮ ಊರಿನಲ್ಲಿದ್ದ ತಾಯಿಯವರಿಗೆ ಲಘುವಾಗಿ ಪಾರ್ಶ್ವವಾಯು ಬಡಿಯಿತು. ಪ್ರಾಸಂಗಿಕವಾಗಿ ಒಂದು ಮಾತು: ಮುಖ ಒಂದು ಕಡೆಗೆ ವಾಲುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಇವುಗಳಲ್ಲಿ ಯಾವುದೊಂದು ಹಠಾತ್ತಾಗಿ ಕಾಣಿಸಿದರೂ ಕೂಡಲೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ್ದನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೇ ಕೊಡಬೇಕಾಗುತ್ತದೆ. ನಮ್ಮ ತಾಯಿಯವರು, ಸ್ವಲ್ಪ ಮಲಗಿದರೆ ಸರಿಹೋದೀತು ಎಂದು ಮಧ್ಯಾಹ್ನವೆಲ್ಲ ಮಲಗಿಯೇ ಇದ್ದರು. ಪ್ರಾಣಕ್ಕೆ ಅಪಾಯವಾಗಲಿಲ್ಲ, ಬಲಗೈಯ ಬೆರಳುಗಳು ಮಾತ್ರ ಹಿಡಿತ ಕಳೆದುಕೊಂಡವು. ಜುಲೈಯಲ್ಲಿ ಅವರನ್ನು ಬಾಂದ್ರಾಕ್ಕೆ ಕರೆತಂದೆವು.

ಫಿಸಿಯೋಥೆರಪಿಯವರು ಹೇಳಿಕೊಟ್ಟ ಅಭ್ಯಾಸಗಳು ಸರಳವಾಗಿದ್ದವು: ಮೆತ್ತನೆಯ ಹಿಟ್ಟನ್ನು ನಾದುವುದು, ಉಂಡೆ ಕಟ್ಟುವುದು, ತಟ್ಟೆಯಲ್ಲಿ ಹರಡಿದ ಕಾಳನ್ನು ಒಂದೊಂದಾಗಿ ಹೆಕ್ಕಿ ಲೋಟಕ್ಕೆ ಹಾಕುವುದು. ಐವತ್ತು ವರ್ಷ ಅಡಿಗೆಮನೆಯನ್ನು ಆಳಿದ ಹೆಂಗಸಿಗೆ ಇದು ಅವಮಾನವೆನಿಸಿತು. “ಇದೆಲ್ಲ ಮಕ್ಕಳಾಟಿಕೆ” ಎಂದು ಹಿಟ್ಟನ್ನು ಸರಿಸಿಬಿಡುತ್ತಿದ್ದರು. ನಾವು ಗದರಿದೆವು, ಬೇಡಿಕೊಂಡೆವು, ಫಲವಾಗಲಿಲ್ಲ.

ಸೆಪ್ಟೆಂಬರಿನಲ್ಲಿ ಮೌಂಟ್ ಮೇರಿ ಜಾತ್ರೆ ಬಂತು. ಬಾಂದ್ರಾದಲ್ಲಿ ಇದ್ದವರಿಗೆ ಆ ಜಾತ್ರೆಯ ಪರಿಚಯ ಹೇಳಬೇಕಾಗಿಲ್ಲ. ಎಲ್ಲ ಮತದವರೂ ಗುಡ್ಡ ಹತ್ತುತ್ತಾರೆ. ದಾರಿಯ ಅಂಗಡಿಗಳಲ್ಲಿ ಮೇಣದಲ್ಲಿ ಎರಕಹೊಯ್ದ ಕೈ, ಕಾಲು, ಮನೆ, ಮಗು ಮೊದಲಾದ ಆಕೃತಿಗಳು ಮಾರಾಟಕ್ಕಿರುತ್ತವೆ. ಯಾವ ಅಂಗಕ್ಕೆ ರೋಗವೋ ಆ ಅಂಗವನ್ನು ಹರಕೆಯಾಗಿ ಒಪ್ಪಿಸುವುದು ಅಲ್ಲಿಯ ರೂಢಿ. ಮೂರು ವರ್ಷದ ಮಗಳು ಮೇಣದ ಕೈಯನ್ನು ಕಂಡವಳು ಅಜ್ಜಿಗೆ ಒಂದು ಬೇಕೇ ಬೇಕೆಂದು ಹಠ ಹಿಡಿದಳು. ಅದನ್ನು ಅಲ್ಲೇ ಒಪ್ಪಿಸಿ ಬಂದೆವು. ಮನೆಗೆ ಬಂದು ಅಳುತ್ತಿದ್ದ ಹುಡುಗಿಯನ್ನು ಸಮಾಧಾನಪಡಿಸಲು ನನ್ನ ಹೆಂಡತಿ ಹಿಟ್ಟು ಕಲಸಿಕೊಟ್ಟು, “ನೀನೇ ಅಜ್ಜಿಯ ಕೈ ಮಾಡು” ಎಂದಳು. ಮಗಳು ಮಾಡಿದ ಕೈಗೆ ಏಳು ಬೆರಳುಗಳಿದ್ದವು. ಅಜ್ಜಿ ಅದನ್ನು ನೋಡಿ ನಕ್ಕು, ಎರಡು ಬೆರಳನ್ನು ಕಿತ್ತು, ಉಳಿದದ್ದನ್ನು ತಮ್ಮ ಬಲಗೈಯಿಂದಲೇ ಒತ್ತಿ ಸರಿಪಡಿಸತೊಡಗಿದರು. ಆ ದಿನದಿಂದ ಹಿಟ್ಟು ನಾದುವುದು ಔಷಧವಾಗಿ ಉಳಿಯಲಿಲ್ಲ.

ಈ ಹಿಟ್ಟಿನ ಪ್ರಮಾಣ ಹೀಗೆ: ಎರಡು ಬಟ್ಟಲು ಮೈದಾ, ಒಂದು ಬಟ್ಟಲು ಪುಡಿಯುಪ್ಪು, ಸುಮಾರು ಮುಕ್ಕಾಲು ಬಟ್ಟಲು ನೀರು, ಒಂದು ಚಮಚ ಎಣ್ಣೆ. ನೀರನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ಚಪಾತಿಯ ಹಿಟ್ಟಿಗಿಂತ ಸ್ವಲ್ಪ ಗಟ್ಟಿಯಾಗಿ ಕಲಸಬೇಕು. ಅರಸಿನ, ಬೀಟ್‌ರೂಟಿನ ರಸ, ಪಾಲಕಿನ ರಸ ಬಣ್ಣಕ್ಕೆ ಸಾಕು. ಮಾಡಿದ ಆಕೃತಿಗಳನ್ನು ಕಿಟಕಿಯ ಬಿಸಿಲಿನಲ್ಲಿ ಎರಡು ಮೂರು ದಿನ ಒಣಗಿಸಿದರೆ ಕಲ್ಲಿನಂತಾಗುತ್ತವೆ. ಮಳೆಗಾಲದಲ್ಲಿ ಮಾತ್ರ ಉಪ್ಪು ನೀರು ಹೀರಿ ಜಿನುಗುತ್ತದೆ, ಆಗ ಮಾಡಬಾರದು. ಉಪ್ಪು ಬಹಳವಿರುವುದರಿಂದ ಮಕ್ಕಳು ಇದನ್ನು ತಿನ್ನದಂತೆ ನೋಡಿಕೊಳ್ಳಬೇಕು. ಇದೇ ಹಿಟ್ಟಿನಿಂದ ಸ್ಟೀಲ್ ಪರಾತದ ಮೇಲೆ ಪುಟ್ಟ ಕಿಲ್ಲಾ ಕಟ್ಟಬಹುದು. ಕಟ್ಟುವ ಮೊದಲು ಮಕ್ಕಳನ್ನು ಬಾಂದ್ರಾದ ಕೋಟೆಗೆ ಕರೆದುಕೊಂಡು ಹೋಗುವುದು ಒಳ್ಳೆಯದು. ಅದನ್ನು 1640ರಲ್ಲಿ ಪೋರ್ತುಗೀಸರು ಕಟ್ಟಿದರು. ಅದರ ‘ಅಗ್ವಾದ’ ಎಂಬ ಹೆಸರು ಹಡಗುಗಳಿಗೆ ಸಿಹಿನೀರು ಸಿಗುವ ಜಾಗವನ್ನು ಸೂಚಿಸುತ್ತದೆ. ನೀರಿಗಾಗಿಯೂ ಕೋಟೆ ಕಟ್ಟುತ್ತಾರೆಂದು ತಿಳಿದ ಮಗ ತನ್ನ ಹಿಟ್ಟಿನ ಕೋಟೆಯ ನಡುವೆ ಬಾಟಲಿಯ ಮುಚ್ಚಳದಲ್ಲಿ ಬಾವಿಯನ್ನು ಇಟ್ಟನು. ನನ್ನ ಥರ್ಮಕೋಲಿನ ಕೋಟೆಯಲ್ಲಿ ಬಾವಿಯೇ ಇರಲಿಲ್ಲ.

ಗೂಡುದೀಪ

ಈಗ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಕೆಲಸಕ್ಕೆ ಬರುತ್ತೇನೆ. ನಮ್ಮ ಕರಾವಳಿಯ ಗೂಡುದೀಪವೂ ಇಲ್ಲಿಯ ಆಕಾಶಕಂದೀಲೂ ಒಂದೇ ವಸ್ತು. ಮಂಗಳೂರಿನ ಕುದ್ರೋಳಿಯಲ್ಲಿ ಇದರ ಸ್ಪರ್ಧೆಯೇ ನಡೆಯುತ್ತದೆ. ಬಾಂದ್ರಾದ ನೆರೆಯ ಮಾಹಿಮಿನಲ್ಲಿ ಕಂದೀಲು ಗಲ್ಲಿಯೆಂದೇ ಹೆಸರಾದ ಓಣಿಯಿದೆ. ಹಬ್ಬಕ್ಕೆ ಮುಂಚೆ ಅಲ್ಲಿ ಬಿದಿರು, ಕಾಗದ, ಬಟ್ಟೆಗಳ ಕಂದೀಲುಗಳು ತೂಗಾಡುತ್ತವೆ. ಅಲ್ಲಿ ಸಿದ್ಧವಾದದ್ದನ್ನು ಕೊಳ್ಳುವುದು ತಪ್ಪಲ್ಲ. ಅದನ್ನು ಮಾಡಿದವರ ಹೊಟ್ಟೆಗೂ ಹಬ್ಬ ಬರಬೇಕು. ಆದರೆ ಮನೆಯಲ್ಲಿ ಮಕ್ಕಳಿದ್ದರೆ ಒಂದನ್ನಾದರೂ ಅವರ ಕೈಯಲ್ಲಿ ಮಾಡಿಸಬೇಕು.

ಮೊದಲು ಅಂಟಿನ ವಿಚಾರ. ಒಂದು ಲೋಟ ನೀರಿಗೆ ಮೂರು ದೊಡ್ಡ ಚಮಚ ಮೈದಾ ಕದಡಿ, ಗಂಟಿಲ್ಲದಂತೆ ಸಣ್ಣ ಉರಿಯಲ್ಲಿ ತೊಳಸುತ್ತ ಕುದಿಸಿದರೆ ಮಿಂಚುವ ಸರಿ ಸಿದ್ಧವಾಗುತ್ತದೆ. ಇದು ಹಿರಿಯರ ಕೆಲಸ. ಹಿಂದಿನವರು ಹುಳ ಬಾರದಂತೆ ಇದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ಮೈಲುತುತ್ತ ವಿಷ, ಮಕ್ಕಳು ಬೆರಳು ಚೀಪುವವರು. ಆದ್ದರಿಂದ ಅದು ಕೂಡದು. ಎರಡು ದಿನಕ್ಕೆ ಬೇಕಾಗುವಷ್ಟು ಮಾತ್ರ ಮಾಡಿಕೊಂಡು ಉಳಿದದ್ದನ್ನು ಚೆಲ್ಲಿದರಾಯಿತು.

ಮೂರು ವರ್ಷದ ಮಗುವಿಗೆ ಕಾಗದ ಹರಿಯುವ ಕೆಲಸವೇ ಸಾಕು. ನಾಲ್ಕರ ಹೊತ್ತಿಗೆ ಮೊಂಡು ತುದಿಯ ಕತ್ತರಿಯಿಂದ ನೇರವಾದ ಗೆರೆಯನ್ನು ಕತ್ತರಿಸಲು ಬರುತ್ತದೆ. ಡೊಂಕಾದದ್ದು ಐದು ಆರರ ಮೇಲೆ. ಮಕ್ಕಳಲ್ಲಿ ಹಿಂದುಮುಂದು ಇದ್ದೇ ಇರುತ್ತದೆ. ಎಡಗೈಯ ಮಗುವಾದರೆ ಎಡಗೈಯಲ್ಲೇ ಕತ್ತರಿಸಲಿ, ಬಲಗೈಗೆ ಬದಲಾಯಿಸಹೋಗಬಾರದು.

ಸುಲಭವಾದ ಗೂಡುದೀಪಕ್ಕೆ ಹಳೆಯ ಗೋಡೆ ಕ್ಯಾಲೆಂಡರಿನ ದಪ್ಪ ಹಾಳೆ ಉತ್ತಮ. ತಾಯಿಯವರು ಊರಿನಿಂದ ತಂದ ಗಂಟಿನಲ್ಲಿ ಅಂಥ ಹಾಳೆಗಳ ಸುರುಳಿಯೊಂದಿತ್ತು. ಒಂದು ಹಾಳೆಯ ಮೇಲೆ ವಿಜಯಾ ಬ್ಯಾಂಕಿನ ಹೆಸರು, ಇನ್ನೊಂದರ ಮೇಲೆ ಸಿಂಡಿಕೇಟ್ ಬ್ಯಾಂಕಿನದು. ನಮ್ಮ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಆ ಬ್ಯಾಂಕುಗಳಲ್ಲಿ ಮೊದಲನೆಯದು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿಯೂ ಎರಡನೆಯದು ಮರುವರ್ಷ ಅದೇ ದಿನ ಕೆನರಾ ಬ್ಯಾಂಕಿನಲ್ಲಿಯೂ ವಿಲೀನವಾದವು. ನನಗೆ ಕತ್ತರಿಸಲು ಮನಸ್ಸು ಬರಲಿಲ್ಲ. “ಗೋಡೆಯಿಂದ ಇಳಿದ ಮೇಲೆ ಅದು ಕಾಗದವೇ” ಎಂದು ತಾಯಿಯವರೇ ಮಗನಿಗೆ ತೆಗೆದುಕೊಟ್ಟರು.

ಹಾಳೆಯನ್ನು ಉದ್ದ 30, ಅಗಲ 20 ಸೆಂಟಿಮೀಟರಿಗೆ ಕತ್ತರಿಸಿ, ಉದ್ದನೆಯ ಎರಡು ಅಂಚುಗಳು ಒಂದರ ಮೇಲೊಂದು ಬರುವಂತೆ ಮಡಚಬೇಕು. ತೆರೆದ ಅಂಚಿನಿಂದ ಎರಡೂವರೆ ಸೆಂಟಿಮೀಟರ್ ಒಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಅದು ಸಮುದ್ರದ ದಡವೆಂದೂ ದಾಟಿದರೆ ಮುಳುಗುವೆವೆಂದೂ ಮಗುವಿಗೆ ಹೇಳಿದರೆ ಸಾಕು. ಮಡಿಕೆಯ ಕಡೆಯಿಂದ ಆ ಗೆರೆಯ ತನಕ, ಎರಡೆರಡು ಸೆಂಟಿಮೀಟರಿಗೆ ಒಂದರಂತೆ ಹದಿನಾಲ್ಕು ಸಲ ಕತ್ತರಿಸಬೇಕು. ಇನ್ನೊಂದು ಹಳದಿ ಕಾಗದವನ್ನು ಉದ್ದ 30, ಎತ್ತರ 16 ಸೆಂಟಿಮೀಟರಿಗೆ ಕತ್ತರಿಸಿ ಕೊಳವೆಯಾಗಿ ಸುತ್ತಿ ಅಂಟಿಸಬೇಕು. ಈಗ ಮೊದಲ ಹಾಳೆಯನ್ನು ಬಿಡಿಸಿ ಈ ಕೊಳವೆಯ ಸುತ್ತ ಸುತ್ತಿ, ಮೇಲಂಚನ್ನು ಕೊಳವೆಯ ಮೇಲಂಚಿಗೂ ಕೆಳಅಂಚನ್ನು ಕೆಳಅಂಚಿಗೂ ಅಂಟಿಸಬೇಕು. ಹೊರಗಿನ ಹಾಳೆ ನಾಲ್ಕು ಸೆಂಟಿಮೀಟರ್ ಹೆಚ್ಚು ಎತ್ತರವಿರುವುದರಿಂದ ಕತ್ತರಿಸಿದ ಪಟ್ಟಿಗಳು ಹೊರಕ್ಕೆ ಬಾಗಿ ಹೊಟ್ಟೆ ಬರುತ್ತದೆ. ಕಾಗದ ತಾನಾಗಿ ಬಾಗುವ ಆ ಕ್ಷಣದಲ್ಲಿ ಮಗುವಿನ ಮುಖವನ್ನು ನೋಡಬೇಕು. ಕೆಳಗೆ ಹತ್ತು ಹನ್ನೆರಡು ಪಟ್ಟಿಗಳ ಬಾಲ, ಮೇಲೆ ಒಂದು ಹಿಡಿಕೆ; ಒಂದು ಗಂಟೆಯ ಕೆಲಸ.

ಆರು ವರ್ಷದ ಮಗನಿಗೆ ಇದು ಬೇಗ ಮುಗಿದುಹೋಯಿತು. ಆಗ ತಾಯಿಯವರು ತಮ್ಮ ಬಾಲ್ಯದ ನಿಜವಾದ ಗೂಡುದೀಪವನ್ನು ಹೇಳಿಕೊಟ್ಟರು. ಅದಕ್ಕೆ ಬಿದಿರಿನ ಸೀಳುಗಳು ಬೇಕು. ಮಾಹಿಮಿನ ಕಂದೀಲು ಮಾಡುವವರಲ್ಲಿ ಕೇಳಿ ಒಂದು ಕಟ್ಟು ತಂದೆ. ಮುಳ್ಳು ಏಳದಂತೆ ಮರಳುಕಾಗದದಿಂದ ಉಜ್ಜುವುದು ನನ್ನ ಪಾಲಿಗೆ ಬಂತು. 15 ಸೆಂಟಿಮೀಟರ್ ಉದ್ದದ 24 ಕಡ್ಡಿಗಳು. ನಾಲ್ಕು ನಾಲ್ಕು ಕಡ್ಡಿಗಳನ್ನು ಸೇರಿಸಿ ಆರು ಚೌಕಗಳನ್ನು ಕಟ್ಟಬೇಕು. ಆಮೇಲೆ ಒಂದು ಚೌಕದ ಮೂಲೆಗೆ ಇನ್ನೊಂದರ ಮೂಲೆಯನ್ನು ಸೇರಿಸುತ್ತ ಹೋದರೆ, ಪ್ರತಿ ಮೂಲೆಯಲ್ಲಿ ಎರಡು ಚೌಕಗಳು ಕೂಡಿ, ಒಟ್ಟು ಹನ್ನೆರಡು ಮೂಲೆಗಳ ಗೂಡು ಎದ್ದು ನಿಲ್ಲುತ್ತದೆ. ಚೌಕಗಳ ನಡುವೆ ಎಂಟು ತ್ರಿಕೋಣಗಳು ತಾವಾಗಿ ಮೂಡುತ್ತವೆ. “ತ್ರಿಕೋಣವನ್ನು ಯಾರು ಮಾಡಿದ್ದು?” ಎಂದು ಮಗ ಕೇಳಿದ. ಯಾರೂ ಮಾಡಿಲ್ಲ ಎಂಬುದನ್ನು ಅವನು ನಂಬಲಿಲ್ಲ. ಚೌಕಗಳಿಗೆ ಒಂದು ಬಣ್ಣದ ಗಾಳಿಪಟದ ಕಾಗದ, ತ್ರಿಕೋಣಗಳಿಗೆ ಇನ್ನೊಂದು ಬಣ್ಣ ಹಚ್ಚಿ, ಮೇಲಿನ ಮತ್ತು ಕೆಳಗಿನ ಚೌಕಗಳನ್ನು ತೆರೆದಿಡಬೇಕು.

ಇದರಲ್ಲಿ ಕಷ್ಟದ ಕೆಲಸ ಗಂಟು ಹಾಕುವುದು. ತಾಯಿಯವರಿಗೆ ಗೊತ್ತಿತ್ತು, ಬೆರಳು ಕೇಳುತ್ತಿರಲಿಲ್ಲ. ಮಗನ ಬೆರಳು ಕೇಳುತ್ತಿತ್ತು, ಅವನಿಗೆ ಗೊತ್ತಿರಲಿಲ್ಲ. ಇಲ್ಲಿ ನನ್ನ ಮನೆಯ ಇನ್ನೊಂದು ಕೊರತೆಯನ್ನೂ ಹೇಳಿಬಿಡಬೇಕು. ನಮ್ಮ ಮಕ್ಕಳು ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ಮರಾಠಿ ಹಿಂದಿ ಮಾತಾಡಿ, ಮನೆಗೆ ಬಂದು ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಆ ಮೂರರಲ್ಲಿ ಯಾವುದಾದರೊಂದರಲ್ಲಿ ಉತ್ತರ ಕೊಡುತ್ತಿದ್ದರು. ಅಜ್ಜಿಗೆ ಮೂರೂ ಬಾರದು. ಜುಲೈಯಿಂದ ಅಕ್ಟೋಬರದ ತನಕ ಅಜ್ಜಿ ಮೊಮ್ಮಗ ಒಂದೇ ಕೋಣೆಯಲ್ಲಿ ಮಲಗಿಯೂ ಅವರ ನಡುವೆ ಊಟ, ನೀರು, ನಿದ್ದೆಗಳನ್ನು ಮೀರಿದ ಮಾತು ಬೆಳೆದಿರಲಿಲ್ಲ. ನಾನು ವರ್ಣಮಾಲೆಯ ಪುಸ್ತಕ ತಂದದ್ದೂ ಆಗಿತ್ತು, ಅದು ಕಪಾಟಿನಲ್ಲಿತ್ತು.

ಗಂಟು ಹಾಕಬೇಕಾದಾಗ ಮಾತು ಇಲ್ಲದೆ ನಡೆಯಲಿಲ್ಲ. “ನೂಲ್ ಸುತ್ತ್ ಮಾಣಿ, ಎರಡ್ ಸುತ್ತ್. ಈಗ ಅಡಿಯಿಂದ ತೆಗಿ. ಬಿಗಿ ಮಾಡ್.” ಮಗ “ಗಾಠ್?” ಎಂದು ಮರಾಠಿಯಲ್ಲಿ ಕೇಳುವನು, ಅಜ್ಜಿ “ಗಂಟ್” ಎನ್ನುವರು. ಸುತ್ತು, ಅಡಿ, ಬಿಗಿ, ಸಡಿಲ, ಮೂಲೆ, ಅಂಚು, ಸೀಳು, ಮಡಿಕೆ: ಎರಡು ಶನಿವಾರಗಳಲ್ಲಿ ಅವನ ಬಾಯಿಗೆ ಬಂದ ಈ ಶಬ್ದಗಳನ್ನು ನಾನು ಬ್ಯಾಂಕಿನ ಡೈರಿಯಲ್ಲಿ ಗುರುತು ಹಾಕಿಕೊಂಡೆ, ಇಪ್ಪತ್ತಮೂರು ಆದವು. ಶಬ್ದವೊಂದು ತಪ್ಪಾಗಿ ಅರ್ಥವಾದರೆ ಗೂಡು ಬಿದ್ದುಹೋಗುತ್ತಿತ್ತು. ಆದ್ದರಿಂದ ಅವನು ಕಿವಿಗೊಟ್ಟು ಕೇಳುತ್ತಿದ್ದನು.

ಉಳಿದ ಕೆಲವು ಕೆಲಸಗಳು

ಬೇಸಿಗೆಯ ದೀರ್ಘ ರಜೆಗೆ ಅರಳಿಯ ಎಲೆ ಒಳ್ಳೆಯದು. ಬಲಿತ ಎಲೆಗಳನ್ನು ನೀರಿನ ಬಕೀಟಿನಲ್ಲಿ ಎರಡು ಮೂರು ವಾರ ನೆನೆಯಲು ಬಿಟ್ಟು, ಎರಡು ದಿನಕ್ಕೊಮ್ಮೆ ನೀರು ಬದಲಾಯಿಸುತ್ತಿದ್ದು (ನೀರು ನಿಂತರೆ ವಾಸನೆ ಮಾತ್ರವಲ್ಲ, ಡೆಂಗಿ ಸೊಳ್ಳೆಯೂ ಹುಟ್ಟುತ್ತದೆ, ಬಕೀಟಿಗೆ ಮುಚ್ಚಳವಿರಬೇಕು), ಆಮೇಲೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿದರೆ ಹಸಿರೆಲ್ಲ ಹೋಗಿ ನರಗಳ ಜಾಲರಿ ಉಳಿಯುತ್ತದೆ. ಅವಸರದ ಮಕ್ಕಳಿಗೆ ಇದು ಹೊಂದುವುದಿಲ್ಲ; ಅವಸರದ ತಂದೆಗಳಿಗಂತೂ ಅಲ್ಲವೇ ಅಲ್ಲ.

ಗಣೇಶನ ಹಬ್ಬದಲ್ಲಿ ಮಾಟುಂಗಾದ ಮಾರುಕಟ್ಟೆಯಿಂದ ಹಲಸಿನ ಎಲೆ ತಂದು, ನಾಲ್ಕೆಲೆಗಳನ್ನು ಕಡ್ಡಿಯಿಂದ ಚುಚ್ಚಿ ಕಡುಬಿನ ಕೊಟ್ಟೆ ಕಟ್ಟುವುದನ್ನು ಮಕ್ಕಳಿಗೆ ಕಲಿಸಬಹುದು. ಮಗು ಕಟ್ಟಿದ ಕೊಟ್ಟೆಯಿಂದ ಹಿಟ್ಟು ಸೋರುತ್ತದೆ. ಸೋರಿದ ಕಡುಬನ್ನು ತಂದೆಯೇ ತಿನ್ನಬೇಕು.

ಮಳೆಗಾಲದ ರಜೆಗೆ ಚೆನ್ನೆಮಣೆಗೆ ಸಮನಾದ ಆಟ ಇನ್ನೊಂದಿಲ್ಲ. ಮಣೆ ಇಲ್ಲದಿದ್ದರೆ ರಟ್ಟಿನ ಮೇಲೆ ಏಳೇಳರಂತೆ ಎರಡು ಸಾಲು ವೃತ್ತಗಳನ್ನು ಬರೆದುಕೊಂಡರಾಯಿತು. ಮನೆಗೆ ನಾಲ್ಕರಂತೆ 56 ಕಾಯಿಗಳು. ಒಂದು ಮನೆಯ ಕಾಯಿಗಳನ್ನು ಎತ್ತಿ ಮುಂದಿನ ಮನೆಗಳಿಗೆ ಒಂದೊಂದಾಗಿ ಹಂಚುತ್ತ ಹೋಗುವುದನ್ನು ಕಲಿತ ಮಗುವಿಗೆ ಕೂಡುವುದು ಕಳೆಯುವುದು ಬೇರೆ ಕಲಿಸಬೇಕಾಗಿಲ್ಲ. ಹುಣಸೆಬೀಜ ಅಥವಾ ಕವಡೆ ಸಾಕು. ಗುಲಗಂಜಿಯನ್ನು ಮಾತ್ರ ಮಕ್ಕಳಿರುವ ಮನೆಗೆ ತರಲೇ ಕೂಡದು. ಅದನ್ನು ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷದೊಳಗಿನ ಮಗುವಿನ ಕೈಗೆ ಯಾವ ಬೀಜವೂ, ಮಣಿಯೂ, ಊದದ ಬಲೂನೂ ಸಿಗಬಾರದು. ಗಂಟಲಲ್ಲಿ ಸಿಕ್ಕಿಕೊಂಡರೆ ಆಸ್ಪತ್ರೆಗೆ ಮುಟ್ಟುವಷ್ಟು ಸಮಯವಿರುವುದಿಲ್ಲ.

ಎಚ್ಚರಿಕೆಯ ಮಾತು ಬಂದದ್ದರಿಂದ ಉಳಿದವನ್ನೂ ಹೇಳಿಬಿಡುತ್ತೇನೆ. ಗೂಡುದೀಪದೊಳಗೆ ನಮ್ಮ ಕಾಲದಲ್ಲಿ ಹಣತೆ ಇಡುತ್ತಿದ್ದರು, ಗಾಳಿ ಬೀಸಿದರೆ ಗೂಡೇ ಉರಿದುಹೋಗುತ್ತಿತ್ತು. ಈಗ ಬಿಸಿಯಾಗದ ಸಣ್ಣ ಎಲ್ಇಡಿ ದೀಪ ಹಾಕುವುದೇ ಸರಿ. ಅದನ್ನು ಹಿರಿಯರೇ ಜೋಡಿಸಬೇಕು. ಅಗ್ಗದ ಮಿನುಗುದೀಪಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಬಹಳ ಕೆಟ್ಟದ್ದು. ಮಗು ಅದನ್ನು ನುಂಗಿದರೆ ಎರಡು ಗಂಟೆಯೊಳಗೇ ಅನ್ನನಾಳ ಸುಟ್ಟುಹೋಗಬಹುದು. ನುಂಗಿರುವ ಸಂಶಯ ಬಂದರೂ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಮನೆಗೆ ಬಳಿದು ಉಳಿದ ಹಳೆಯ ಬಣ್ಣದ ಡಬ್ಬಿಗಳನ್ನು ಮಕ್ಕಳ ಕೈಗೆ ಕೊಡಬಾರದು. ಅಂಥ ಬಣ್ಣಗಳಲ್ಲಿ ಸೀಸದ ಅಂಶ ಹತ್ತು ಲಕ್ಷದಲ್ಲಿ 90 ಭಾಗವನ್ನು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೆ ಹಿಂದಿನ ಡಬ್ಬಿಗಳಲ್ಲಿ ಎಷ್ಟಿತ್ತೋ ಹೇಳಲಾಗದು. ಕೆಲಸ ಮುಗಿದ ಮೇಲೆ ಕೈ ತೊಳೆಯುವುದನ್ನು ಕೆಲಸದ ಭಾಗವೆಂದೇ ಕಲಿಸಬೇಕು.

ಖರ್ಚಿನ ಲೆಕ್ಕ ಕೇಳುವವರಿಗೆ: ಆ ವರ್ಷ ಬಿದಿರು, ಗಾಳಿಪಟದ ಕಾಗದ, ನೂಲು, ಮೈದಾ, ದೀಪ ಎಲ್ಲ ಸೇರಿ ನನಗೆ ಇನ್ನೂರು ರೂಪಾಯಿಯೊಳಗೆ ಮುಗಿಯಿತು. ಹಿಂದಿನ ವರ್ಷದ ಥರ್ಮಕೋಲಿನ ಕೋಟೆಗೆ ಅದರ ನಾಲ್ಕು ಪಟ್ಟು ತಗಲಿತ್ತು.

2023ರ ದೀಪಾವಳಿಗೆ ನಮ್ಮ ಬಾಲ್ಕನಿಯಲ್ಲಿ ತೂಗಿದ ಗೂಡುದೀಪ ಒಂದು ಕಡೆಗೆ ವಾಲಿತ್ತು. ಅದರ ಹನ್ನೊಂದು ಮೂಲೆಗಳನ್ನು ಮಗ ಕಟ್ಟಿದ್ದನು. ಹನ್ನೆರಡನೆಯದನ್ನು ತಾಯಿಯವರು, ಅವನು ಕಡ್ಡಿಗಳನ್ನು ಹಿಡಿದುಕೊಂಡಿರಲು, ತಮ್ಮ ಎರಡೂ ಕೈಗಳಿಂದ ಕಟ್ಟಿದರು; ಅದಕ್ಕೆ ಅರ್ಧ ಗಂಟೆ ಹಿಡಿಯಿತು. ತುಲಸಿಪೂಜೆ ಕಳೆದ ಮೇಲೆ ಇಳಿಸಿ, ಹರಿದ ಕಾಗದವನ್ನು ಕಿತ್ತು, ಚೌಕಟ್ಟನ್ನು ಹಳೆಯ ಸೀರೆಯಲ್ಲಿ ಸುತ್ತಿ ಅಟ್ಟದ ಮೇಲಿಟ್ಟೆವು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದರೆ ಮುಂಬಯಿಯ ಮಳೆಗಾಲದಲ್ಲಿ ಬಿದಿರಿಗೆ ಬೂಸು ಹಿಡಿಯುತ್ತದೆ. ತಾಯಿಯವರು 2024ರಲ್ಲಿ ಊರಿಗೆ ಮರಳಿದರು. ಈಗ ಪ್ರತಿವರ್ಷ ಹೊಸ ಕಾಗದ ಹಚ್ಚುವ ಮೊದಲು ಚೌಕಟ್ಟಿನ ಗಂಟುಗಳನ್ನು ನೋಡಿ ಬಿಗಿಮಾಡುತ್ತೇವೆ. ಹನ್ನೆರಡನೆಯ ಗಂಟು ಸಡಿಲವಾಗಿದೆ. ಅದನ್ನೂ ಬಿಗಿಮಾಡೋಣವೇ ಎಂದರೆ ಮಗ ಬೇಡವೆನ್ನುತ್ತಾನೆ. ಊರಿಗೆ ಫೋನು ಮಾಡಿ, “ಅಜ್ಜೀ, ನಿನ್ನ ಗಂಟು ಇನ್ನೂ ಇದೆ” ಎಂದು ಹೇಳಿದ ಮೇಲೆಯೇ ಕಾಗದಕ್ಕೆ ಅಂಟು ಹಚ್ಚಲು ಕೂರುತ್ತಾನೆ.